ಮಾಧವರಾಯರ ಹೊಲದಲ್ಲಿ ಇಳಿದವರು

ಬೇರೆ ಗ್ರಹದವರು ಭೂಮಿಗೆ ಬಂದರೆ ಮೊದಲು ಅಮೆರಿಕದಲ್ಲೇ ಇಳಿಯುತ್ತಾರೆ ಅಂತ ನೀವು ನಂಬಿಕೊಂಡಿದ್ದರೆ, ಪಾಪ, ನಿಮಗೆ ಔರಾದ ತಾಲೂಕು ಗೊತ್ತಿಲ್ಲ. ಅವರು ಇಳಿದದ್ದು ಡಾಬಕಾದಲ್ಲಿ, ಮಾಧವರಾಯರ ಸೋಯಾ ಹೊಲದಲ್ಲಿ. ಇಳಿಸಿದವನು ಕುರಿಗಾರ ವೈಜಿನಾಥನ ಮಗ ಹಣಮಂತ. ಭಾಲ್ಕಿಯಿಂದ ಡ್ರೋನು ಹೊತ್ತು ಬಂದಿದ್ದ ಆಶೀಷನಂಥ ಆಶೀಷನನ್ನು ಒಂದೇ ಮಾತಿನಲ್ಲಿ ಚಿತ್ ಮಾಡಿ ವಾಪಸು ಕಳಿಸಿದವನೂ ಅವನೇ. ನಿಮ್ಮೂರಿನಲ್ಲಿ ಇಂಥವನೊಬ್ಬ ಇದ್ದರೆ ಕರೆತನ್ನಿ, ನೋಡೇಬಿಡೋಣ.

ಔರಾದಿನಲ್ಲಿ ಸಿನೆಮಾ ನೋಡಬೇಕೆಂದರೆ ಟಾಕೀಸಿಗೇ ಹೋಗಬೇಕಾಗಿರಲಿಲ್ಲ. ಸಂಜೆ ಬಸ್‌ಸ್ಟ್ಯಾಂಡಿಗೆ ಬಂದರೆ ಸಾಕಿತ್ತು. ಹಣಮಂತ ಕಾಲರ್ ಎತ್ತಿ, ಬೀದರ ಬಸ್ಸಿನ ಫುಟ್‌ಬೋರ್ಡಿನಿಂದ ಇಳಿದು ಎಂಟ್ರಿ ಕೊಡುತ್ತಿದ್ದ. ಪಕ್ಕದ ಪಂಕ್ಚರ್ ಅಂಗಡಿಯಲ್ಲಿ ಕೂತ ರಾಹೀಲ, ರಶೀದ ಅಹ್ಮದರ ಮಗ, ಬಾಯಿಯಿಂದಲೇ ಬ್ಯಾಕ್‌ಗ್ರೌಂಡ್ ಮ್ಯೂಸಿಕ್ ಬಾರಿಸುತ್ತಿದ್ದ. "ಈ ಹಣಮಂತ ಕಾಲ ಇಟ್ಟ ಕಡಿ ಧೂಳ ಸೈತ ಸೆಲ್ಯೂಟ್ ಹೊಡಿತದ!" ಅಂತ ಇವನಂದರೆ, ಅವನು ಟೈರಿಗೆ ಪಂಪು ಹೊಡೆಯುತ್ತಲೇ "ಢಂಡಢಂಢಂ" ಅನ್ನುತ್ತಿದ್ದ. ಬುರ್ಖಾದೊಳಗಿನ ಮುದುಕಿಯರೂ ನಗುತ್ತಿದ್ದರು. ಮೂರನೇ ಕ್ಲಾಸಿನಿಂದ ಹೀಗೇ ನಡೆದಿತ್ತು.

ಆಶೀಷ ಬಂದದ್ದು ಒಂದು ಮದುವೆಯ ಶೂಟಿಂಗಿಗೆ. ಕಾರಿನ ಗಾಲಿ ಪಂಕ್ಚರ್ ಆಗಿ ರಾಹೀಲನ ಮುಂದೆ ನಿಂತ. ಗಾಲಿ ಬಿಚ್ಚಿ ಹಾಕುವಷ್ಟರಲ್ಲಿ ಅವನು ಫೋನಿನಲ್ಲಿ ನಕ್ಷತ್ರಗಳನ್ನು ತೋರಿಸಿಬಿಟ್ಟಿದ್ದ. ಆಮೇಲೆ ರಾಹೀಲ ಅವನ ಬೆನ್ನು ಹತ್ತಿ ಭಾಲ್ಕಿಗೆ ಹೋದ. ಬೀದರ ಕೋಟೆಯ ಹತ್ತಿರ ದುರ್ಬೀನಿನಲ್ಲಿ ಶನಿಯ ಉಂಗುರ ನೋಡಿ ಬಂದ, ಬೇರೆ ಗ್ರಹದವರು ಬಂದೇ ಬರುತ್ತಾರೆ ಎಂಬ ಹುಚ್ಚು ಹಚ್ಚಿಕೊಂಡ. ಹಣಮಂತ ಎಂಟ್ರಿ ಕೊಟ್ಟರೆ ಈಗ ಮ್ಯೂಸಿಕ್ ಬರುತ್ತಿರಲಿಲ್ಲ. ರಾಹೀಲ ಇಯರ್‌ಫೋನ್ ಸಿಕ್ಕಿಸಿಕೊಂಡು ಆಶೀಷನ ಯೂಟ್ಯೂಬ್ ಚಾನೆಲ್ಲು ನೋಡುತ್ತಿದ್ದ.

"ಔರಾದಿಗಿ ಇನ್ನಾ ರೈಲೇ ಬಂದಿಲ್ಲ," ಎಂದ ಹಣಮಂತ ಒಂದು ಸಂಜೆ. "ಮ್ಯಾಲಿನವ್ರು ಬರ್ತಾರೇನಲೇ?"

"ರೈಲಿಗಿ ಹಳಿ ಬೇಕು ದೋಸ್ತ. ಅವ್ರಿಗಿ ಯಾಕ ಬೇಕು?"

ಅಲ್ಲೇ ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದ ಆಶೀಷ ನಕ್ಕ. "ಹಂಗ ಸರಳ ಇಲ್ಲ ರಾಹೀಲ. ಎಲ್ಲಕ್ಕಿಂತ ಸಮೀಪದ ನಕ್ಷತ್ರದಿಂದ ಬರ್ಲಿಕ್ಕಿ ಬೆಳಕಿಗೇ ನಾಕು ವರ್ಷ ಹಿಡಿತದ. ರಾಕೆಟ್ ಅಂದ್ರ ಸಾವಿರಾರು ವರ್ಷ. ಹೊಂಟವ್ರ ಮರಿಮೊಮ್ಮಕ್ಕಳೂ ದಾರ್‍ಯಾಗೇ ಸಾಯ್ತಾರ."

"ಆದ್ರೂ ಯಾರರೆ ಹೊಂಟಿರ್ಬೇಕಲ್ರಿ ಭಾಯ್," ಅಂದ ರಾಹೀಲ. "ನಾವು ಇದೀವಿ ಅಂತ ಗೊತ್ತಾಗಿ ಯಾರರೆ ಹೊಂಟಿರ್ಬೇಕು."

ಅದನ್ನು ಹೇಳುವಾಗ ಅವನ ಮುಖ ಹೊಳೆದ ರೀತಿಯನ್ನು ಹಣಮಂತ ನೋಡಿದ. ದಿನಾ ಡಾಬಕಾದಿಂದ ಬಸ್ಸು ಹಿಡಿದು ಇವನಿಗಾಗಿ ಬರುವವನು ನಾನು. ಈ ಮಗ ಕಾಯುವುದು ಸಾವಿರ ವರ್ಷಕ್ಕೂ ಬಾರದವರನ್ನ. ಆಶೀಷ ಫೋನು ಚಾಚಿ, ಪರದೇಶದ ಗೋಧಿ ಹೊಲಗಳಲ್ಲಿ ಮೂಡಿದ ದುಂಡನೆಯ ಗುರುತುಗಳನ್ನು ತೋರಿಸುತ್ತಿದ್ದ. "ಇವು ಮಂದಿ ಮಾಡಿದ್ದೇ ಇರ್ತಾವ," ಅಂದ. "ಎಲ್ಲಾ ಅಲ್ಲ," ಅಂದ ರಾಹೀಲ. ಹಣಮಂತನ ತಲೆಯೊಳಗೆ ಇಂಟರ್ವಲ್ ಲೈಟು ಹತ್ತಿಕೊಂಡಿತು.

ಬಿತ್ತನೆಗೆ ಮುಂಚೆ ಖಾಲಿ ಹೊಲದಲ್ಲಿ ಕುರಿ ತರುಬುವುದು ಈ ಸೀಮೆಯ ರೂಢಿ. ಕತ್ತಲಾದ ಮೇಲೆ ಮಂದೆಯನ್ನು ಬಲೆಯೊಳಗೆ ಕೂಡಿ ಬೆಳಿಗ್ಗೆ ಎಬ್ಬಿಸುತ್ತಾರೆ. ಬಿದ್ದ ಹಿಕ್ಕೆ, ಉಚ್ಚೆ ಎಲ್ಲ ನೆಲಕ್ಕೆ ಗೊಬ್ಬರ. ದಿನಾ ಬಲೆಯನ್ನು ಪಕ್ಕಕ್ಕೆ ಸರಿಸುತ್ತ ಇಡೀ ಹೊಲ ಮುಗಿಸಬೇಕು. ವೈಜಿನಾಥ ಮಗಳ ಬಾಣಂತನಕ್ಕೆಂದು ಮನ್ನಳ್ಳಿಗೆ ಹೋದಾಗ ಮಂದೆ ಹಣಮಂತನ ಕೈಗೆ ಬಂತು. ಅವನು ಮಾಧವರಾಯರ ಹೊಲದಲ್ಲಿ ಗೂಟ ಹೊಡೆದು, ಹಗ್ಗ ಕಟ್ಟಿ, ದುಂಡಗೆ ಗೆರೆ ಎಳೆದ. ಗೆರೆಯ ಮೇಲೆ ಬಲೆ ನಿಲ್ಲಿಸಿದ. ಸರಿಸಬೇಕಾದ ಬಲೆಯನ್ನು ಸರಿಸದೆ ಅಲ್ಲೇ ಮತ್ತೆ ಮತ್ತೆ ತರುಬಿದ. ಹೀಗೆ ಮೂರು ಕಡೆ, ಮೂರು ಸುತ್ತು. ಮಾಧವರಾಯರು ಬೀದರಿನಲ್ಲಿ ವಕೀಲರು. ಸುಗ್ಗಿಯ ರಾಶಿಗೆ ಬಿಟ್ಟರೆ ಈ ಕಡೆ ಹಣಕಿ ಹಾಕುವವರಲ್ಲ.

ಹೊಟ್ಟೆಕಿಚ್ಚಿಗೆ ತಾಳ್ಮೆ ಇಲ್ಲ ಅನ್ನುವವರಿಗೆ ಅದರ ಪರಿಚಯವೇ ಇಲ್ಲ. ಹಣಮಂತನದು ಮಳೆಗೆ ಕಾಯಿತು, ಬಿತ್ತುವ ಟ್ರ್ಯಾಕ್ಟರಿಗೆ ಕಾಯಿತು, ಸೋಯಾ ಮೊಣಕಾಲಿಗೆ ಬರುವವರೆಗೆ ಕಾಯಿತು. ಆಶೀಷ ಕ್ಯಾಮೆರಾದ ಮುಂದೆ "ಬಂದಾರ!" ಎಂದು ಕೂಗಬೇಕು. ಆಗ ಹಣಮಂತ ಮುಷ್ಟಿಯಲ್ಲಿ ಹಿಕ್ಕೆ ಹಿಡಿದು ಫ್ರೇಮಿನೊಳಗೆ ಎಂಟ್ರಿ ಕೊಡಬೇಕು. ಡೈಲಾಗು ಬಾಯಿಪಾಠವಾಗಿತ್ತು: "ಮ್ಯಾಲ ಯಾಕ ನೋಡ್ತೀರಿ ಸರ್? ನಿಮ್ಮ ಏಲಿಯನ್ ನಮ್ಮ ಹಟ್ಟ್ಯಾಗ ಬ್ಯಾ ಅಂತ ಒದರ್ಲತದ!" ರಾಹೀಲ ಹೊಟ್ಟೆ ಹಿಡಿದುಕೊಂಡು ನಗಬೇಕು. ಆ ನಗು ತನ್ನ ಕಡೆ ತಿರುಗಿರಬೇಕು. ಅವನಿಗೆ ಬೇಕಾಗಿದ್ದದ್ದು ಅಷ್ಟೇ.

ಶ್ರಾವಣದ ಒಂದು ಮಧ್ಯಾಹ್ನ, "ನಮ್ಮೂರ ಹೊಲದಾಗ ಏನೋ ಅದಾ, ನಿಮ್ಮ ಡ್ರೋನ್ ತರ್ರಿ," ಎಂದು ಇಬ್ಬರನ್ನೂ ಕರೆಸಿದ. ಡ್ರೋನು ಜೇನುನೊಣದ ಹಾಗೆ ಗುಂಯ್‌ಗುಡುತ್ತ ಮೇಲೇರಿತು. ಪರದೆಯ ಮೇಲೆ ತಿಳಿಹಸಿರು ಹೊಲ. ಅದರೊಳಗೆ ಮೂರು ಕಡುಹಸಿರು ವೃತ್ತಗಳು, ಕಂಪಾಸಿನಿಂದ ಕೊರೆದಂತೆ. ಹಣಮಂತನಿಗೇ ಒಂದು ಕ್ಷಣ ಮೈ ಜುಮ್ಮೆಂದಿತು.

ಆಶೀಷ ಕೂಗಲಿಲ್ಲ. ಹುಬ್ಬು ಗಂಟಿಕ್ಕಿ ನೋಡಿದ, ರಿಮೋಟನ್ನು ರಾಹೀಲನ ಕೈಗಿತ್ತು ಬೆಳೆಯೊಳಗೆ ನಡೆದುಹೋದ.

ಕೂಗಿದವನು ರಾಹೀಲ. ಕೂಗು ಕೂಡ ಅಲ್ಲ, ಉಸಿರು ಸಿಕ್ಕಿಕೊಂಡ ಸದ್ದು. ಒಂದು ಕೈಯಲ್ಲಿ ರಿಮೋಟಿನ ಪರದೆ ಹಿಡಿದು, ಇನ್ನೊಂದರಿಂದ ತನ್ನ ಫೋನು ತೆಗೆದು ಲೈವ್ ಹಚ್ಚಿದ. "ನೋಡ್ರಿ... ನಮ್ಮ ಡಾಬಕಾಕ್ಕ ಬಂದು ಹೋಗ್ಯಾರ್ರಿ. ನಾ ಹೇಳ್ತಿದ್ದೆ, ಯಾರೂ ನಂಬ್ಲಿಲ್ಲ." ಕಣ್ಣಲ್ಲಿ ನೀರಿತ್ತು. ಹಣಮಂತನ ಮುಷ್ಟಿಯಲ್ಲಿದ್ದ ಹಿಕ್ಕೆ ಬೆವರಿಗೆ ಒದ್ದೆಯಾಯಿತು.

ಆಶೀಷ ಗಿಡದ ಬುಡ ಕೆದರಿ, ಮಣ್ಣು ಮೂಸಿ ಎದ್ದು ಬಂದ. "ರಾಹೀಲ, ಬಂದ್ ಮಾಡು ಅದನ್ನ. ಇಲ್ಲಿ ಕುರಿ ತರುಬ್ಯಾರ. ಗೊಬ್ಬರ ಬಿದ್ದಲ್ಲಿ ಬೆಳಿ ಕಪ್ಪಾಗ್ಯದ, ಅಷ್ಟೇ."

"ಕುರಿ ಹಿಂಗ ದುಂಡಗ ಕೂಡ್ತಾವೇನ್ರಿ?" ರಾಹೀಲನ ದನಿ ಏರಿತು. "ನಿಮಗ ಏನ್ ಗೊತ್ತದ ಕುರಿದು? ಹಣಮ್ಯಾಗ ಕೇಳ್ರಿ. ಇಲ್ಲಿ ತರುಬೋರು ಇವರಪ್ಪನೇ."

"ಹಾಂ, ಅವನೇ ಹೇಳ್ಲಿ," ಎಂದ ಆಶೀಷ, ಹಣಮಂತನ ಮುಖವನ್ನೇ ನೋಡುತ್ತ. "ಮೈಲಾರ ಮಲ್ಲಣ್ಣನ ಆಣಿ ಮಾಡಿ ಹೇಳ್ಲಿ."

"ಆಣಿ ಯಾಕ?" ರಾಹೀಲ ಬಂದು ಹಣಮಂತನ ಹೆಗಲ ಮೇಲೆ ಕೈ ಹಾಕಿದ. ಎಷ್ಟೋ ತಿಂಗಳ ಮೇಲೆ ಆ ಕೈ ಅಲ್ಲಿಗೆ ಬಂದಿತ್ತು. "ನನ್ನ ದೋಸ್ತ ಅವ. ಅವ ಒಂದ್ ಮಾತ ಹೇಳಿದ್ರ ಮುಗೀತು."

ಹಣಮಂತ ಒಂದೇ ಮಾತು ಹೇಳಿದ. ಆಶೀಷ ಡ್ರೋನಿನ ರೆಕ್ಕೆ ಮಡಚಿ ಡಬ್ಬಿಗೆ ಹಾಕಿಕೊಂಡು, ಕೆಸರಿನಲ್ಲಿ ಬೂಟು ಎಳೆಯುತ್ತ ಕಾರಿಗೆ ಹೋದ. ಮತ್ತೆ ಈ ಕಡೆ ಬರಲಿಲ್ಲ.

ಡಾಬಕಾದ ಕಟ್ಟೆಯ ಮೇಲೆ ಈಗಲೂ ಇದನ್ನು ಗೆದ್ದ ಕತೆಯಂತೆ ಹೇಳುತ್ತಾರೆ. ಹಣಮಂತ ಎದೆ ಸೆಟೆಸಿ ಸಿನೆಮಾ ಡೈಲಾಗು ಹೊಡೆದ, ಭಾಲ್ಕಿಯವನ ಬಾಯಿ ಬಂದಾಯಿತು ಅಂತ. ಈ ಕತೆಯ ಮೊದಲಿಗೂ ಹಾಗೇ ಹೇಳಿದ್ದಾಯಿತು. ಆದದ್ದು ಬೇರೆ. ಬಾಯಿಪಾಠ ಮಾಡಿದ ಡೈಲಾಗನ್ನು ಅವನು ಹೊಡೆಯಲೇ ಇಲ್ಲ. ಹಿಕ್ಕೆ ಹಿಡಿದ ಮುಷ್ಟಿಯನ್ನು ಬೆನ್ನ ಹಿಂದೆ ಮಾಡಿ, ನೆಲ ನೋಡುತ್ತ, "ಇಲ್ಲ, ನಾವು ತರುಬಿಲ್ಲ," ಎಂದ. ಹೆಗಲ ಮೇಲಿನ ಕೈ ಸರಿದುಹೋಗಬಾರದೆಂದು ಅಂದ. ಆಶೀಷ ಸೋತು ಹೋಗಲಿಲ್ಲ. ರಾಹೀಲನ ಮುಖ ನೋಡಿ, ನಿಜ ಗೊತ್ತಿದ್ದೂ ಬಿಟ್ಟುಕೊಟ್ಟು ಹೋದ.

ರಾಹೀಲ ಆಶೀಷನ ನಂಬರು ಬ್ಲಾಕ್ ಮಾಡಿದ. ಭಾಲ್ಕಿ ನಿಂತಿತು, ಬೀದರ ನಿಂತಿತು. ಸೋಯಾ ಹಣ್ಣಾಯಿತು, ಕೊಯ್ಲಾಯಿತು, ವೃತ್ತಗಳಿದ್ದ ಜಾಗದಲ್ಲಿ ಬರೀ ಕೂಳೆ ಉಳಿಯಿತು. ಸಂಜೆಯಾದರೆ ರಾಹೀಲ ಅಂಗಡಿ ಮುಚ್ಚಿ ನೇರ ಡಾಬಕಾಕ್ಕೆ ಬರುತ್ತಾನೆ. ಇಬ್ಬರೂ ಬದುವಿನ ಮೇಲೆ ಕೂರುತ್ತಾರೆ. ಹಣಮಂತನಿಗೆ ಬೇಕಾಗಿದ್ದ ದೋಸ್ತ ಪಕ್ಕದಲ್ಲೇ ಇರುತ್ತಾನೆ, ಕುತ್ತಿಗೆ ಮೇಲೆತ್ತಿಕೊಂಡು.

"ಅಷ್ಟ ದೂರಿಂದ ಬಂದು ಒಂದ್ ಮಾತ ಸೈತ ಆಡದೆ ಹೋದ್ರಲ್ಲ," ಎನ್ನುತ್ತಾನೆ.

"ನಾ ಇದೀನಲ್ಲಲೇ ಮಾತಾಡ್ಲಿಕ್ಕಿ."

"ಹಾಂ," ಎನ್ನುತ್ತಾನೆ ರಾಹೀಲ. "ತಡಿ, ಸುಮ್ನಿರು. ಅಲ್ಲೊಂದು ಹೊಳಿಲತದ."

ನಿನ್ನೆಯೂ ಹಾಗೇ ಅಂದ. ಪಡುವಣದಲ್ಲಿ ಕೆಂಪು ಆರಿ, ಬೂದುಬಣ್ಣ ಇಳಿಯುತ್ತಿತ್ತು. ರಾಹೀಲ ತುಸು ಸರಿದು ಹಣಮಂತನಿಗೆ ಒತ್ತಿಕೊಂಡು ಕೂತ. ಆಚೆ ಬದಿಯಲ್ಲಿ ಒಬ್ಬರು ಕೂರುವಷ್ಟು ಜಾಗವಾಯಿತು. ಅಲ್ಲಿದ್ದ ಹರಳುಕಲ್ಲುಗಳನ್ನು ಅವನು, ಬರುವವರಿಗೆಂಬಂತೆ, ಅಂಗೈಯಿಂದ ಮೆಲ್ಲಗೆ ಸವರಿ ಕೆಳಗೆ ಬೀಳಿಸಿದ.