ಗುಂಡಿ ಡಬ್ಬಿಯಲ್ಲಿದ್ದ ಮಾತ್ರೆ

ಸೂಜಿಗೆ ದಾರ ಪೋಣಿಸಲು ಮಗಳು ನಾಲ್ಕನೆಯ ಸಲ ಹೆಣಗುತ್ತಿದ್ದಳು. ಎದೆನೋವೆಂದು ಕೂತಲ್ಲೇ ಹೋಗಿಬಿಟ್ಟಿದ್ದ ಅಮ್ಮನಿಗೆ ತೊಡಿಸಬೇಕಾದ ನೀಲಿ ರವಿಕೆಯಲ್ಲಿ ಒಂದು ಗುಂಡಿ ಇರಲಿಲ್ಲ. ಊರಿಗೆಲ್ಲ ಬಟ್ಟೆ ಹೊಲಿದುಕೊಟ್ಟವಳನ್ನು ಹಾಗೆ ಕಳಿಸುವುದು ಹೇಗೆ?

"ದಾರ ಪೋಣಿಸೋಕೂ ಆಗ್ತಿಲ್ಲ ನೋಡು," ಬಾಗಿಲಲ್ಲಿದ್ದ ಸೋದರತ್ತೆ ಪಕ್ಕದವರಿಗೆ ಪಿಸುಗುಟ್ಟಿದಳು. "ಆ ಮನಸ್ಸಿನ ಕಾಯಿಲೆ ಅಜ್ಜಿಗಿತ್ತು, ಅಮ್ಮನಿಗಿತ್ತು. ಈಗ ಇವಳಿಗೂ."

ಎರಡು ತಿಂಗಳಿಂದ ಮಗಳಿಗೆ ಸರಿಯಾದ ನಿದ್ದೆಯಿರಲಿಲ್ಲ. ಡಾಕ್ಟರು ಬರೆದುಕೊಟ್ಟ ಮಾತ್ರೆ ಚೀಲದ ತಳದಲ್ಲಿ ಹಾಗೇ ಬಿದ್ದಿತ್ತು. ನುಂಗಿದರೆ ಅತ್ತೆಯ ಮಾತು ನಿಜವಾಗಿಬಿಡುತ್ತದೆಂಬ ಭಯ.

ಅಮ್ಮನ ಅಂಗಡಿಯಲ್ಲಿ ಇಪ್ಪತ್ತೆಂಟು ವರ್ಷ ಗುಂಡಿ ತೂತಿಗೆ ಕಾಜಾ ಹೊಲಿದು ಆ ಹೆಸರೇ ನಿಂತಿದ್ದ ಕಾಜಾ ಅಕ್ಕ ಗುಂಡಿ ಡಬ್ಬಿ ಹಿಡಿದು ಒಳಗೆ ಬಂದಳು.

"ಗುಂಡಿ ಎಲ್ಲಿರುತ್ತೆ ಅಂತಾನೂ ಗೊತ್ತಿಲ್ಲ. ಎಂಥಾ ಟೈಲರ್ ಮಗಳೇ ನೀನು?"

ಡಬ್ಬಿಯೊಳಗೆ, ಬಿಳಿ ಗುಂಡಿಗಳ ನಡುವೆ, ಅಕ್ಕ ದಿನಾ ಎತ್ತಿಡುತ್ತಿದ್ದ, ಅಮ್ಮ ಇವತ್ತು ನುಂಗಬೇಕಿದ್ದ ಮಾತ್ರೆ ಇತ್ತು.

*

ಅಪ್ಪ ತೀರಿಕೊಂಡ ವರ್ಷ ಅಮ್ಮ ಮೂರು ತಿಂಗಳು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಬಂಧುಗಳು ಈ ಕಡೆ ತಲೆಹಾಕಲಿಲ್ಲ. ಕೈಹಿಡಿದು ಆಸ್ಪತ್ರೆಗೆ ಕರೆದೊಯ್ದವಳು ಕಾಜಾ ಅಕ್ಕ. ಆಮೇಲೆ ದಿನಾ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆದೊಡನೆ ಅದೇ ಆಟ. ಅಕ್ಕ ಸೂಜಿ ಪೋಣಿಸಿ ಬೆನ್ನ ಹಿಂದೆ ಅಡಗಿಸುವಳು.

"ಮೊದ್ಲು ಮಾತ್ರೆ, ಆಮೇಲೆ ಸೂಜಿ."

"ಅಂಗಡಿ ನಂದಾ, ನಿಂದಾ?"

"ಅಂಗಡಿ ನಿಂದೇ. ಸೂಜಿ ನಂದು."

ಅಮ್ಮ ನಗುತ್ತಾ ನುಂಗುವಳು. ಅವಳನ್ನು ಎಬ್ಬಿಸಿ ನಿಲ್ಲಿಸಿದ್ದರಲ್ಲಿ ಮಾತ್ರೆಯದೆಷ್ಟು, ಆ ನಗುವಿನದೆಷ್ಟು, ಮಷೀನಿನ ಸದ್ದಿನದೆಷ್ಟು, ಯಾವ ಟೇಪಿನಿಂದಲೂ ಅಳೆಯಲಾಗದು. ಅಂತೂ ಮನೆಯ ಒಲೆ ಮತ್ತೆ ಹೊತ್ತಿತು.

*

"ನಾನೂ ಅಮ್ಮನ ತರಾನೇ ಆಗ್ಬಿಟ್ರೆ, ಅಕ್ಕಾ?"

"ಆಗು. ಏನಾಯ್ತೀಗ? ನಿನ್ನ ಓದಿಸಿದ್ಲು, ನನ್ನ ಸಂಸಾರಾನೂ ದಡ ಸೇರಿಸಿದ್ಲು." ಕಾಜಾ ಅಕ್ಕ ಡಬ್ಬಿಯಲ್ಲಿ ಬೆರಳಾಡಿಸಿ ನೀಲಿ ಗುಂಡಿಯೊಂದನ್ನು ಹುಡುಕಿ ತೆಗೆದಳು. "ರಕ್ತದಲ್ಲೇ ಬಂದಿರಬಹುದು ಕಣೇ. ಆದ್ರೆ ನಿಮ್ಮಜ್ಜೀನ ರೂಮಲ್ಲಿ ಕೂಡಿಹಾಕಿದ್ರು. ನಿಮ್ಮಮ್ಮನ್ನ ಆಸ್ಪತ್ರೆಗೆ ತೋರಿಸಿ, ಮಷೀನ್ ಮುಂದೆ ಕೂರಿಸಿದ್ವಿ. ಒಂದೇ ಕಾಯಿಲೆ, ಎರಡು ಬಾಳು."

ಮಗಳು ಚೀಲದ ತಳ ತಡಕಿದಳು. ಮಾತ್ರೆಯ ಹಾಳೆ ಒಡೆದ ಸದ್ದಿಗೆ ಅತ್ತೆ ತಿರುಗಿ ನೋಡಿದಳು. ಆಮೇಲೆ ಒಳಗೆ ಹೋಗಿ ಲೋಟದಲ್ಲಿ ನೀರು ತಂದಳು.

"ತಗೋಮ್ಮಾ," ಎಂದಳು, ಮುಖ ನೋಡದೆ.

ಕಾಜಾ ಅಕ್ಕ ಅಷ್ಟರಲ್ಲಿ ಸೂಜಿ ಪೋಣಿಸಿ ಬೆನ್ನ ಹಿಂದೆ ಹಿಡಿದಿದ್ದಳು. ನೀರು ಗಂಟಲಿಳಿದ ಮೇಲೆಯೇ ಆ ಕೈ ಮುಂದೆ ಬಂತು, ಸೂಜಿಯ ಮೊನೆ ತನ್ನ ಕಡೆಗೆ, ನೀಲಿ ದಾರ ಮಗಳ ಕಡೆಗೆ.