ಚನ್ನವ್ವ ಸುಮ್ಮನಿರಬೇಕಾದ ಜಾಗ

ಈ ಮುದುಕನಿಗೆ ಮರೆವು ಹತ್ತಿದೆ ಎಂದು ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಬರೆದ ಜಾಣರು ಮೊದಲು ನಿನ್ನೆ ತಾವು ಏನು ಉಂಡಿರೆಂದು ನೆನಪು ಮಾಡಿಕೊಳ್ಳಿ. ಚನ್ನವ್ವ ಹಾಡಿದ ದಿನ ಸಿಂದಗಿಯ ಸಭಾಭವನದಲ್ಲಿ ನಾನೇ ಕುಳಿತಿದ್ದೆ. ಬಾಯಿ ಮುಚ್ಚಿಕೊಂಡು ಕೇಳಿ.

ಬಸವನ ಬಾಗೇವಾಡಿಯ ಚನ್ನವ್ವ ಮದುವೆಯಾಗಿ ಬಂದಾಗಿನಿಂದ ಭಜನಾ ಮೇಳದಲ್ಲಿ ಹಿಂದಿನ ದನಿ. ಮುಂದಿನವರು ಉಸಿರಿಗೆ ನಿಂತರೆ ಹಿಂದಿನವರು ಸಾಲು ಎತ್ತಿಕೊಳ್ಳಬೇಕು. ಹಾಡು ನೆಲಕ್ಕೆ ಬಿದ್ದರೆ ಇಡೀ ಮೇಳಕ್ಕೇ ಅವಮಾನ. ಅದು ಅವಳ ರಕ್ತದಲ್ಲಿತ್ತು.

ಸಿಂದಗಿಯ ವಸುಧಾ ಪುಣೆಯಲ್ಲಿ ಪಾಶ್ಚಾತ್ಯ ಸಂಗೀತ ಬರೆಯುವುದನ್ನು ಕಲಿತು ಬಂದವಳು. ನಾಲ್ಕು ತಂತಿವಾದ್ಯ, ಒಂದು ಕ್ಲಾರಿನೆಟ್, ಜೊತೆಗೆ ಚನ್ನವ್ವನ ಮೇಳದ ಹೆಣ್ಣುಮಕ್ಕಳ ವೃಂದಕ್ಕೆಂದು ‘ಡೋಣಿ’ ಎಂಬ ಹೊಸ ಕೃತಿ ಬರೆದಿದ್ದಳು. ನಮ್ಮ ಡೋಣಿ ಹೊಳೆಯ ದಂಡೆಯ ಊರುಗಳ ಹೆಸರೇ ಹಾಡು. ನಡುವೆ, ಬೇಸಿಗೆಯಲ್ಲಿ ಹೊಳೆ ಬತ್ತುವಲ್ಲಿ, ಎಲ್ಲರೂ ಒಟ್ಟಿಗೆ ನಿಲ್ಲಬೇಕು. ಆ ಮೌನವೇ ಕೃತಿಯ ಜೀವ.

ತಾಲೀಮಿನಲ್ಲಿ ಎಲ್ಲರೂ ನಿಂತ ಕೂಡಲೇ ಚನ್ನವ್ವನ ದನಿಯೊಂದೇ ‘ತಾಳಿಕೋಟಿ’ ಎಂದು ಮೇಲೇಳುತ್ತಿತ್ತು. ಪುಣೆಯ ವಾದ್ಯದವರು ನಕ್ಕು ಕಮಾನು ಕೆಳಗಿಡುತ್ತಿದ್ದರು. ಕೊನೆಗೆ ವಸುಧಾ ಅಂದಳು:

“ಚನ್ನವ್ವಾರ, ನಿಮ್ಮಂಥಾ ದನಿ ನನಗ ಬ್ಯಾರೆ ಎಲ್ಲೂ ಸಿಗೂದಿಲ್ಲ. ಆದ್ರ ಅಲ್ಲಿ ಸುಮ್ನಿರಲಿಕ್ಕೆ ಆಗ್ಲಿಲ್ಲಂದ್ರ ಕೆಳಗ ಕೂತು ಕೇಳ್ರಿ.”

ಕೆಳಗೆ ಕೂರುವುದೆಂದರೆ ಚನ್ನವ್ವನಿಗೆ ಸತ್ತಷ್ಟೇ ಸರಿ. ಮೇಳದಲ್ಲೇ ದಮ್ಮಡಿ ಬಾರಿಸುವ ಗಂಡ ಶ್ರೀಶೈಲಪ್ಪ ತಾನು ಕಲಿಸುತ್ತೇನೆಂದು ಮುಂದೆ ಬಂದ. ಅವಳು ರೊಟ್ಟಿ ಬಡಿಯುವಾಗ ಭಜನೆಯ ಒಂದು ಪದ ಎತ್ತಿ ಅರ್ಧಕ್ಕೆ ಬಿಡುವನು. ಅವಳು ತುಟಿ ಕಚ್ಚಿ ತಡೆದುಕೊಳ್ಳುವಳು. ಆದರೆ ತಡೆಯಲಾಗದೆ ಅವನೇ ಸಾಲು ಮುಗಿಸಿಬಿಡುವನು. ಗುರು ಕೆಟ್ಟರೂ ಶಿಷ್ಯೆ ಕಲಿತಳು.

ಕಾರ್ಯಕ್ರಮದ ದಿನ ಮುಂದಿನ ಸಾಲಿನ ತುಂಬ ಬಾಗೇವಾಡಿ ಮೇಳದ ಗಂಡಸರು. ಹೊಳೆ ಬಂತು, ಉಕ್ಕಿತು, ಇಳಿಯಿತು, ಎಲ್ಲ ನಿಂತಿತು. ಚನ್ನವ್ವನೂ ನಿಂತಳು. ಗಂಟಲಿಗೆ ಬಂದ ಊರನ್ನು ನುಂಗಿ ವಸುಧಾಳ ಎತ್ತಿದ ಕೈ ನೋಡುತ್ತ ನಿಂತಳು. ಸುಮ್ಮನಿರುವುದು ಬಂದೇಬಿಟ್ಟಿತು ಎಂದು ಅವಳಿಗೆ ಹಿಗ್ಗು.

ಕೆಳಗಿದ್ದ ಶ್ರೀಶೈಲಪ್ಪ ಮಾತ್ರ, ತಾನೇ ಕಲಿಸಿದ್ದನ್ನು ಮರೆತು, ಹಾಡು ಬಿತ್ತೆಂದೇ ತಿಳಿದ. ಹೆಂಗಸರು ಮರೆತರು, ಮಾನ ಹೋಗುತ್ತದೆ! ಎದ್ದು ನಿಂತು ‘ತಾಳಿಕೋಟಿ’ ಎಂದು ಎತ್ತಿಕೊಂಡ. ಗೆಳೆಯರೆಲ್ಲ ಚಪ್ಪಾಳೆ ಹಾಕುತ್ತ ದನಿಗೂಡಿಸಿದರು.

ಚನ್ನವ್ವ ಒಂದು ಹೆಜ್ಜೆ ಮುಂದೆ ಬಂದಳು.

“ಸುಮ್ಮ ಕುಂದರ್ರಿ. ಹಾಡ ಬಿದ್ದಿಲ್ಲ, ನಾವ ನಿಂದರ್ಸೇವಿ.”

ಸಭಾಭವನ ಗಪ್ಪಾಯಿತು. ಶ್ರೀಶೈಲಪ್ಪ ತಟ್ಟಲೆಂದು ಎತ್ತಿದ ಕೈ ಹಾಗೇ ಹಿಡಿದು ಕುಕ್ಕರಿಸಿದ. ಫ್ಯಾನು ತಿರುಗುವುದೊಂದೇ ಕೇಳಿಸುತ್ತಿತ್ತು. ಆ ಮೌನ ವಸುಧಾಳಿಗೆ ರುಚಿಸಿರಬೇಕು, ತಾಲೀಮಿಗಿಂತ ಬಹಳ ಹೊತ್ತು ಕೈ ಇಳಿಸಲಿಲ್ಲ. ಆಮೇಲೆ ಕ್ಲಾರಿನೆಟ್ಟು ಸಣ್ಣಗೆ ಜಿನುಗಿತು.

ಎಲ್ಲ ಮುಗಿದ ಮೇಲೆ ಚನ್ನವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಮೂಲೆ ಹಿಡಿದಳು. ಹಾಡಲಿಲ್ಲ ನಿಜ, ಆದರೆ ಮಾತಾಡಿಬಿಟ್ಟಿದ್ದಳಲ್ಲ. ವಸುಧಾ ಬಂದು ಅವಳ ಕೈ ಹಿಡಿದು ನಕ್ಕಳು.

“ಮುಂದಿನ ಕಾರ್ಯಕ್ರಮ ಇಂಡಿ ಊರಾಗ ಅದ, ನೀವು ಬರಲಿಕ್ಕೇ ಬೇಕು. ಶ್ರೀಶೈಲಪ್ಪ ಕಾಕಾರ್ನೂ ನಿಮ್ಮ ಬಗಲಿಗೆ ನಿಂದರಿಸ್ಕೋರಿ, ಕೆಳಗ ಬಿಡಬ್ಯಾಡ್ರಿ.”

ಶ್ರೀಶೈಲಪ್ಪ ಉಬ್ಬಿಹೋಗಿ, ತನಗೆ ಯಾವ ಸಾಲು ಕೊಡುತ್ತೀರೆಂದು ಕೇಳಿದ. ಉತ್ತರ ಕೊಟ್ಟವಳು ಹೆಂಡತಿ:

“ನಿಮಗ ಸುಮ್ಮನಿರೂದೊಂದ ಕೊಟ್ಟೇವಿ.”

ಇಂಡಿಯಲ್ಲಿ ನಂಟರಿದ್ದವರು ಇದನ್ನು ಅವರಿಗೆಲ್ಲ ಕಳಿಸಿ. ಸುತ್ತಲಿನ ಸಾಲೋಟಗಿ, ಹೊರ್ತಿಯವರಿಗೂ ಮುಟ್ಟಲಿ. ಹಾಡು ನಿಂತಾಗ ಯಾರೂ ಸಹಾಯಕ್ಕೆ ಏಳಬಾರದೆಂದು ನೀವೂ ಒಂದು ಮಾತು ಸೇರಿಸಿ ಹೇಳಿ.