ಮರುಳಪ್ಪನ ಕಣ್ಣೊಳಗಿನ ಫೋಟೋ

ಕೊಟ್ಟೂರಿನ ಶೇಂಗಾ ವ್ಯಾಪಾರಿ ಮರುಳಪ್ಪ ಪ್ರಸಾದ ಕೊಟ್ಟರೂ ಮೂಸಿ ನೋಡುವ ಆಸಾಮಿ. ಸಕ್ಕರೆ ಕಾಯಿಲೆಯಿಂದ ಬಲಗಣ್ಣಿನ ರೆಟಿನಾದಲ್ಲಿ, ಅಂದರೆ ಕಣ್ಣಿನ ಹಿಂದಿನ ಪರದೆಯಲ್ಲಿ ರಕ್ತ ಸೋರಿ, ಆಪರೇಷನ್ ಆಗಿ ಎರಡು ತಿಂಗಳಾಗಿತ್ತು. ಸ್ಕ್ಯಾನಿಗೆ ಬನ್ನಿ ಎಂದು ಆಸ್ಪತ್ರೆಯಿಂದ ಮೂರು ಸಲ ಫೋನ್ ಬಂದರೂ ಪುಣ್ಯಾತ್ಮ ಜಗ್ಗಲಿಲ್ಲ.

"ಕಣ್ಣು ಚಲೋ ಐತಿ. ಮತ್ಯಾಕ ಕರಿತಾರ? ಏನೋ ತಪ್ಪು ಮಾಡ್ಯಾರ, ಅದನ್ನ ಮುಚ್ಚಾಕ ಕರಿಯಾಕತ್ಯಾರ," ಎಂದು ಹೆಂಡತಿ ಪುಷ್ಪಲತಾ ಮೇಲೆ ರೇಗಿದ.

ಅಂಗಡಿಗೆ ಬಂದ ಆಶಾ ಕಾರ್ಯಕರ್ತೆ ಕೋಮಲಾ ಮೇಲೂ ಅವನಿಗೆ ಗುಮಾನಿ. "ನಿನ್ನ ಆ ಆಸ್ಪತ್ರೆಯವರೇ ಕಳಿಸ್ಯಾರಲ್ಲ?"

"ಹೌದ್ರಿ ಅಣ್ಣಾರ, ಅವರೇ ಕಳಿಸ್ಯಾರ. ಕಣ್ಣು ಚಲೋ ಐತಿ ಅಂತ ನಿಮಗ ಹೆಂಗ ಗೊತ್ತಾತು?"

ಮರುಳಪ್ಪ ಎಡಗಣ್ಣು ಮುಚ್ಚಿ, ಚೀಲದಿಂದ ಒಂದು ಬೊಗಸೆ ಶೇಂಗಾ ಮೊರಕ್ಕೆ ಸುರಿದು, ಜೊಳ್ಳನ್ನೆಲ್ಲ ಸರಸರ ಆರಿಸಿ ಬಿಸಾಡಿದ. "ನೋಡು, ಒಂದರ ಜೊಳ್ಳು ಉಳಿತೇನು?"

"ಆರಿಸಿದ್ದು ನಿಮ್ಮ ಕೈರಿ, ಕಣ್ಣಲ್ಲ. ಮೂವತ್ತು ವರ್ಷ ಪಳಗಿದ ಕೈ! ಇನ್ನೊಂದು ಬೊಗಸೆ ಹಾಕ್ರಿ, ಈಗ ಮುಟ್ಟಬ್ಯಾಡ್ರಿ. ಮೊರದಾಗ ಜೊಳ್ಳು ಯಾವುದು ಅಂತ ಬರೇ ನೋಡಿ ಹೇಳ್ರಿ."

ಮರುಳಪ್ಪ ಇನ್ನೊಂದು ಬೊಗಸೆ ಸುರಿದು, ಎಡಗಣ್ಣು ಮುಚ್ಚಿಕೊಂಡೇ ಬಾಗಿದ. ನಡುವೆಲ್ಲ ಮಬ್ಬು. ಮೊರದ ಅಂಚು ಸೊಟ್ಟ.

"ಅಯ್ಯೋ ಶಿವನೇ! ಸ್ಕ್ಯಾನಿಗೆ ಹೋದ್ರ ಮತ್ತ ಸೂಜಿ ಚುಚ್ಚಿ ಹಳದಿ ಔಷಧಿ ಬಿಡ್ತಾರೇನು? ಆಪರೇಷನ್ನಿಗೆ ಮೊದಲು ಹಂಗ ಬಿಟ್ಟಾಗ ಕಾರಿಕೊಂಡು ಸುಸ್ತಾಗಿದ್ದೆ."

"ಈ ಸ್ಕ್ಯಾನಿಗೆ ಸೂಜಿ ಇಲ್ಲ, ಬಣ್ಣನೂ ಇಲ್ಲ. ಒಂದೊಂದು ಸಲ ಕಣ್ಣಿಗೆ ಹನಿ ಹಾಕ್ತಾರ. ಗದ್ದ ಊರಿ ಬೆಳಕು ನೋಡಬೇಕು, ಅಷ್ಟ. ಕಣ್ಣೊಳಗಿನ ಸಣ್ಣ ಸಣ್ಣ ರಕ್ತನಾಳದಾಗ ರಕ್ತ ಎಲ್ಲಿ ಹರಿತೈತಿ, ಎಲ್ಲಿ ನಿಂತೈತಿ ಅಂತ ಫೋಟೋ ಬರ್ತೈತಿ."

ಮರುದಿನ ಪುಷ್ಪಲತಾ ಜೊತೆ ಆಸ್ಪತ್ರೆಗೆ ಹೋಗಿ ಯಂತ್ರದ ಮುಂದೆ ಕೂತಾಗಲೂ ಮರುಳಪ್ಪ ಬಗ್ಗಿ, ಕೆಳಗೆಲ್ಲಾದರೂ ಸೂಜಿ ಬಚ್ಚಿಟ್ಟಿದ್ದಾರೆಯೇ ಎಂದು ಹುಡುಕಿದ. ಸಿಗಲಿಲ್ಲ. ಕೆಲವೇ ನಿಮಿಷಗಳಲ್ಲಿ ಕೆಲಸ ಮುಗಿಯಿತು.

ವೈದ್ಯೆ ಫೋಟೋ ತೋರಿಸಿದರು. "ಈ ಕಪ್ಪು ಜಾಗದಲ್ಲಿ ರಕ್ತ ಸರಿಯಾಗಿ ಹರೀತಿಲ್ಲ. ಕರೆದಾಗಲೇ ಬರಬೇಕಿತ್ತು ನೀವು. ಹೋದ ದೃಷ್ಟಿ ಪೂರ್ತಿ ಬರೋದು ಕಷ್ಟ. ಉಳಿದದ್ದನ್ನು ಉಳಿಸಿಕೊಳ್ಳೋಣ, ಚಿಕಿತ್ಸೆ ಇವತ್ತೇ ಶುರು ಮಾಡ್ತೀನಿ."

ಮರುಳಪ್ಪ ಆ ಕಪ್ಪು ಜಾಗವನ್ನೇ ಬಗ್ಗಿ ನೋಡಿದ. ಪುಷ್ಪಲತಾಳ ಕೈ ಹಿಡಿದುಕೊಂಡ. "ಊರಾಗಿನ ಎಲ್ಲಾರ ಮ್ಯಾಲ ಗುಮಾನಿ ಪಟ್ಟೆ. ನನ್ನ ಕಣ್ಣಿನ ಮ್ಯಾಲ ಮಾತ್ರ ಪಡಲಿಲ್ಲ ನೋಡು. ಮುಂದಿನ ತಾರೀಖು ಬರ್ಕೋ, ತಪ್ಪಸಂಗಿಲ್ಲ."

ಅಕ್ಕಂದಿರೇ, ಅಣ್ಣಂದಿರೇ, ಅನುಮಾನ ಬಂದರೆ ವೈದ್ಯರನ್ನೇ ಕೇಳಿ, ಹತ್ತು ಸಲ ಕೇಳಿ. ಯಾವ ಸ್ಕ್ಯಾನ್ ಬೇಕೆಂದು ಅವರೇ ಹೇಳುತ್ತಾರೆ. ರೆಟಿನಾ ಆಪರೇಷನ್ ಆದ ಮೇಲೆ ಕೊಟ್ಟ ತಾರೀಖು ಮಾತ್ರ ತಪ್ಪಿಸಬೇಡಿ. ಮಬ್ಬಾದರೆ, ಗೆರೆ ಸೊಟ್ಟ ಕಂಡರೆ, ಮಿಂಚು ಕಂಡರೆ ತಾರೀಖಿಗೂ ಕಾಯದೆ ಅವತ್ತೇ ಹೋಗಿ.

ಈಗ ಒಂದು ಕಣ್ಣು ಮುಚ್ಚಿ ಈ ಸಾಲನ್ನು ಮತ್ತೊಮ್ಮೆ ಓದಿ. ಆಮೇಲೆ ಇನ್ನೊಂದು ಕಣ್ಣು ಮುಚ್ಚಿ ಓದಿ.